ವೇಷದ ಪೆಟ್ಟಿಗೆಗಳೂ ಎರಡು ಚಮಚ ಪುಡಿಯೂ

ಗುರುವಾಯನಕೆರೆ
16-10-2024, ಬುಧವಾರ

ಪ್ರೀತಿಯ ಕಾಂತಿ ಅಕ್ಕನಿಗೆ,

ನಿನ್ನ ತಮ್ಮ ಸಂಕಪ್ಪನ ನಮಸ್ಕಾರಗಳು. ನಾನೂ ಗುಲಾಬಿಯೂ ಆರೋಗ್ಯವಾಗಿದ್ದೇವೆ. ಹೀಗೆ ಬರೆಯಲು ಇವತ್ತು ನಾಚಿಕೆಯಾಗುತ್ತದೆ, ಆದರೆ ಪತ್ರವನ್ನು ಬೇರೆ ಹೇಗೆ ಶುರು ಮಾಡುವುದೆಂದು ನನಗೆ ತಿಳಿಯದು. ನೀನು ನಾಲ್ಕು ದಿನಗಳಿಂದ ಫೋನ್ ಮಾಡುತ್ತಿದ್ದೀ. ಅದು ಹೊಲಿಗೆ ಮಿಷನಿನ ಮೇಲೆ ನಡುಗುತ್ತಾ ಅಂಚಿನವರೆಗೆ ಬರುವುದನ್ನು ನೋಡುತ್ತಾ ಕೂತಿದ್ದೆನೇ ಹೊರತು ಎತ್ತಲಿಲ್ಲ. ಯಾರೆಂದು ಗುಲಾಬಿ ಕೇಳಿದರೆ ಗಿರಾಕಿ ಎಂದೆ. ಕ್ಷಮಿಸು. ನೀನು "ಎಂಥ ಸಂಕಪ್ಪ" ಎಂದು ಒಂದು ಮಾತು ಕೇಳಿದರೆ ಸಾಕು, ನಾನು "ಎಂಥ ಇಲ್ಲ ಅಕ್ಕ" ಎಂದುಬಿಡುತ್ತೇನೆ. ಅದಕ್ಕೇ ಈ ಕಾಗದ. ನಾಳೆ ಬೆಳಗಿನ ಬಂಟ್ವಾಳ ಬಸ್ಸಿನ ಕಂಡಕ್ಟರ್ ರುಕ್ಮಯ್ಯನ ಕೈಯಲ್ಲಿ ಕೊಡುತ್ತೇನೆ. ಅವನು ತಪ್ಪದೆ ನಿನಗೆ ಮುಟ್ಟಿಸುತ್ತಾನೆ.

ಮೊದಲು ಮುಖ್ಯ ಸಂಗತಿ. ದೀಪಾವಳಿ ಮುಗಿಸಿ ಕಾಲೇಜಿಗೆಂದು ಇಲ್ಲಿಗೆ ವಾಪಸು ಬರುತ್ತೇನೆಂದು ನಿನ್ನ ಮಗಳು ಸಾತ್ವಿಕಾ ಗುಲಾಬಿಗೆ ಮೆಸೇಜ್ ಹಾಕಿದ್ದಾಳೆ. ಅವಳನ್ನು ಕಳಿಸಬೇಡ. ಬರುವ ಸೋಮವಾರ ಅವಳನ್ನು ಮಂಗಳೂರಿನ ಶ್ವಾಸಕೋಶದ ಡಾಕ್ಟರರ ಹತ್ತಿರ ಕರೆದುಕೊಂಡು ಹೋಗುವಾಗ ಈ ಪತ್ರವನ್ನೂ ತೆಗೆದುಕೊಂಡು ಹೋಗು. ಹುಡುಗಿ ಇಷ್ಟೊಂದು ಬೂಷ್ಟಿನ ಧೂಳನ್ನು ಎಲ್ಲಿ ಉಸಿರಾಡಿದ್ದಾಳೆ ಎಂದು ಅವರು ಎರಡು ಸಲ ಕೇಳಿದರಲ್ಲ, ಉತ್ತರ ಇದರಲ್ಲಿದೆ. ಅದು ನನ್ನ ಮನೆಯಲ್ಲಿ.

ಹೋದ ವಾರ ನೀನು ಫೋನಿನಲ್ಲಿ ಇದನ್ನೇ ಕೇಳಿದ್ದೆ. "ತಮ್ಮ, ನಿಮ್ಮಲ್ಲಿ ಎಲ್ಲಿಯಾದರೂ ಬೂಷ್ಟು ಉಂಟಾ? ಡಾಕ್ಟ್ರು ಕೇಳ್ತಿದ್ದಾರೆ." ನಾನು ತಕ್ಷಣ ಇಲ್ಲ ಎಂದೆ. ನೀನು ನಂಬಿದೆ. ನಂಬಿ ನಿನ್ನ ಮನೆಯನ್ನೇ ಜಾಲಾಡಲು ಹೊರಟೆ. ಉಪ್ಪಿನಕಾಯಿ ಭರಣಿಗಳನ್ನೆಲ್ಲ ಅಂಗಳಕ್ಕೆ ತಂದಿಟ್ಟೆಯಂತೆ, ಭಾವನ ಹತ್ತಿ ಹಾಸಿಗೆಯನ್ನು ಸುಟ್ಟೆಯಂತೆ, ಹನ್ನೊಂದು ವರ್ಷ ಸಾಕಿದ ಬೆಕ್ಕನ್ನು ಮೈಮೂನಮ್ಮನ ಮನೆಗೆ ಕೊಟ್ಟುಬಿಟ್ಟೆಯಂತೆ. ಬಾತ್‌ರೂಮಿನ ಗೋಡೆಗೆ ಬ್ಲೀಚಿಂಗ್ ಪೌಡರ್ ತಿಕ್ಕಿ ನಿನ್ನ ಅಂಗೈಯ ಚರ್ಮ ಸುಲಿದಿದೆ ಎಂದು ಗುಲಾಬಿ ಹೇಳಿದಳು. ನಾನು ಊಟ ಮಾಡುತ್ತಿದ್ದೆ. ಎದ್ದು ಕೈ ತೊಳೆದುಕೊಂಡೆ.

ನನ್ನ ಕಸುಬಿನ ಹೊರಗಿನ ಚಂದ ಮಾತ್ರ ನಿನಗೆ ಗೊತ್ತು. ಸ್ಕೂಲ್ ಡೇ ದಿನ ನವಿಲು, ಶಿವಾಜಿ, ಭಾರತಮಾತೆ, ದೇವತೆಗಳು ವೇದಿಕೆಗೆ ಬರುವಾಗ ನನ್ನ ತಮ್ಮನ ಅಂಗಡಿಯ ಡ್ರೆಸ್ಸು ಎಂದು ನೀನು ಪಕ್ಕದವರಿಗೆ ಹೇಳುತ್ತೀ. ಒಳಗಿನದು ಹೇಳುತ್ತೇನೆ ಕೇಳು. ಬಾಡಿಗೆಯ ವೇಷವನ್ನು ನಾವು ಒಗೆಯುವುದಿಲ್ಲ. ಜರಿ ಬಟ್ಟೆ ನೀರು ಮುಟ್ಟಿದರೆ ಹೊಳಪು ಹೋಗುತ್ತದೆ, ಅಂಟಿಸಿದ ಮಿಂಚೆಲ್ಲ ಉದುರುತ್ತದೆ. ಮಕ್ಕಳು ಬೆವರಿನಲ್ಲಿ ತೊಯ್ದು ಬಿಚ್ಚಿ ಎಸೆದದ್ದನ್ನು ಬಿಸಿಲಿಗೆ ಹಾಕಿ, ಸೆಂಟು ಹೊಡೆದು, ಮಡಚಿ ಪೆಟ್ಟಿಗೆಗೆ ತುಂಬುವುದು. ಈ ಕಸುಬಿನವರು ಎಲ್ಲರೂ ಮಾಡುವುದು ಹೀಗೆಯೇ. ಬಿಸಿಲು ಇರುವವರೆಗೆ ನಡೆಯುತ್ತದೆ. ಈ ಮೇ ತಿಂಗಳ ಕೊನೆಗೆ ಮೂಡುಬಿದಿರೆಯಲ್ಲಿ ಒಬ್ಬರು ಅಂಗಡಿ ಮುಚ್ಚಿದರು. ಅವರ ಹದಿನಾಲ್ಕು ಪೆಟ್ಟಿಗೆ ವೇಷಗಳನ್ನು ನಾನು ತಂದೆ. ತಂದ ದಿನವೇ ಮಳೆ ಹಿಡಿಯಿತು. ಒಂದನ್ನೂ ಬಿಸಿಲಿಗೆ ಹಾಕಲಾಗಲಿಲ್ಲ. ಅಂಗಡಿಯಲ್ಲಿ ಜಾಗವಿಲ್ಲದೆ ಮಹಡಿಯ ಮನೆಗೆ ಏರಿಸಿ, ಸಾತ್ವಿಕಾಳ ಪುಸ್ತಕ ಬಟ್ಟೆಗಳಿರುವ ಚಿಕ್ಕ ಕೋಣೆಯಲ್ಲಿ ಗೋಡೆಗೆ ಒತ್ತಿ ಒಟ್ಟಿದೆ. ಅವಳು ಮಲಗುವುದು ಹಾಲ್‌ನಲ್ಲಾದರೂ ದಿನಕ್ಕೆ ಹತ್ತು ಸಲ ಆ ಬಾಗಿಲು ತೆಗೆಯುತ್ತಿದ್ದಳು.

ಮೊನ್ನೆ ಭಾನುವಾರ ಪೆಟ್ಟಿಗೆಗಳನ್ನು ತೆರೆದು ನೋಡಿದೆ. ಮೇಲೆ ಹಸಿರು ಹುಡಿ, ಅಡಿಯಲ್ಲಿ ಕಪ್ಪು. ನವಿಲಿನ ರೆಕ್ಕೆ ಎತ್ತಿದರೆ ಹೊಗೆಯಂತೆ ಎದ್ದಿತು. ಮೂಗಿಗೆ ಟವೆಲ್ ಕಟ್ಟಿಕೊಂಡು ಕೆಲಸ ಮಾಡಿದ ನನಗೇ ರಾತ್ರಿ ಎದೆ ಬಿಗಿಯಿತು.

ಇನ್ನು ನಾನು ಅವಳಿಗೆ ಕುಡಿಸಿದ ಪುಡಿಯ ವಿಷಯ. ಅದರ ಖಾಲಿ ಡಬ್ಬಿಯನ್ನು ನೀನು ಡಾಕ್ಟರರಿಗೆ ತೋರಿಸಿದಾಗ ಅವರು ನಕ್ಕರು ಎಂದೆಯಲ್ಲ, ಆ ನಗು ನನ್ನ ಕಿವಿಯಲ್ಲಿಯೇ ಇದೆ. ಜುಲೈಯಲ್ಲಿ ಅವಳ ಕೆಮ್ಮು ಶುರುವಾಗಿತ್ತು. ಸಂಜೆಯಾದರೆ ಸಣ್ಣ ಜ್ವರ. ಕಾಲೇಜಿನಿಂದ ಬಸ್ಸಿಳಿದು ನಮ್ಮ ಹದಿನೆಂಟು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಕಡೆ ನಿಲ್ಲುತ್ತಿದ್ದಳು. ಸಾವಿರದ ಐನೂರು ಮೀಟರ್ ಓಡುವ ಹುಡುಗಿ. ಅದೇ ಸಮಯಕ್ಕೆ, ನಾನು ಮಿಂಚಿನ ಬಟ್ಟೆ ತರುವ ಅಬ್ದುಲ್ ಶುಕೂರ್ ಸಾಹೇಬರ ಮಗ ಇಮ್ತಿಯಾಝ್ ದುಬೈಯಿಂದ ರಜೆಯಲ್ಲಿ ಬಂದಿದ್ದ. ಅವನ ಮೈಕಟ್ಟು ನೋಡಿ ಏನು ತಿನ್ನುತ್ತೀ ಎಂದು ಕೇಳಿದೆ. ಅಮೈನೋ ಆಸಿಡ್ ಪುಡಿ ಎಂದ. ಒಂದು ಡಬ್ಬಿ ಕೊಡು ಎಂದೆ.

"ಸಂಕಪ್ಪಣ್ಣ, ಇದು ವ್ಯಾಯಾಮ ಮಾಡುವವರಿಗೆ. ಮಗುವಿಗೆ ಕೆಮ್ಮು ಉಂಟಲ್ಲ, ಮೊದಲು ಡಾಕ್ಟ್ರಿಗೆ ತೋರಿಸುವ. ನಾನೇ ಕಾರಿನಲ್ಲಿ ಕರ್ಕೊಂಡು ಹೋಗ್ತೇನೆ" ಎಂದ ಅವನು.

ಡಾಕ್ಟರು ಯಾಕೆ ಮಾರಾಯ, ಅವಳಿಗೆ ಸ್ಟೆಮಿನಾ ಕಡಿಮೆ ಅಷ್ಟೆ ಎಂದು ನಾನು ಡಬ್ಬಿ ಕಸಿದುಕೊಂಡು ಬಂದೆ. ಆ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಅವನಷ್ಟು ಬುದ್ಧಿ ನನಗಿದ್ದಿದ್ದರೆ ಸಾಕಿತ್ತು.

ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು ಚಮಚ. ನಾನೇ ಸ್ಟೀಲ್ ಲೋಟದಲ್ಲಿ ಕಲಸಿ, ಅವಳು ಕುಡಿದು ಮುಗಿಸುವವರೆಗೆ ಎದುರಿಗೆ ನಿಂತಿರುತ್ತಿದ್ದೆ. ಸುಣ್ಣದ ನೀರಿಗೆ ಸಕ್ಕರೆ ಹಾಕಿದ ಹಾಗೆ ಉಂಟು ಮಾವ, ಎನ್ನುತ್ತಿದ್ದಳು. ಒಮ್ಮೊಮ್ಮೆ ವಾಂತಿ ಮಾಡುತ್ತಿದ್ದಳು. ವಾಂತಿಯಾದರೆ ಇನ್ನೊಂದು ಚಮಚ. ಡಬ್ಬಿ ಮುಗಿದ ಮೇಲೆ ಮಾತ್ರೆ ತರಿಸಿದೆ, ಕುದುರೆಗೆ ಕೊಡುವಷ್ಟು ದೊಡ್ಡ ಮಾತ್ರೆ. ಗುಲಾಬಿ ಒಂದು ದಿನ ತಡೆಯಲಾರದೆ ಕೇಳಿದಳು, "ನೀವು ಎಂಥ, ಡಾಕ್ಟ್ರಾ? ಅವಳ ಮುಖ ನೋಡಿದ್ದೀರಾ?" ನಾನು ಅವಳಿಗೆ ಬೈದೆ. ಅಂಗಡಿಗೆ ಬಂದವರಿಗೆಲ್ಲ ನನ್ನ ಸೊಸೆ ವಿದೇಶದ ಅಮೈನೋ ತಿನ್ನುತ್ತಾಳೆ, ಈ ಸಲ ಯೂನಿವರ್ಸಿಟಿ ಮೆಡಲ್ ಗ್ಯಾರಂಟಿ ಎಂದು ಹೇಳಿಕೊಂಡು ತಿರುಗಿದೆ.

ಆಗಸ್ಟಿನಲ್ಲಿ ಓಟದ ಆಯ್ಕೆಯ ದಿನ ನಡೆದದ್ದನ್ನು ಅವಳು ನಿನಗೆ ಪೂರ್ತಿ ಹೇಳಿರಲಾರಳು. ಎರಡನೆಯ ಸುತ್ತಿನಲ್ಲಿಯೇ ಮುಖ ಬೂದಿಬಣ್ಣವಾಗಿ ಹಗ್ಗದ ಆಚೆ ಕೂತುಬಿಟ್ಟಳು. ನಾನು ಹೋಗಿ ಭುಜ ಹಿಡಿದು ನೀರು ಕೊಡಬೇಕಿತ್ತು. ಅವಳ ತರಗತಿಯ ವಿಸ್ಮಿತಾ ಮತ್ತು ಇನ್ನಿಬ್ಬರು ಹುಡುಗಿಯರ ಎದುರಿಗೆ, "ಇಷ್ಟೆಲ್ಲ ತಿನ್ನಿಸಿದ್ದು ಎಂಥಕ್ಕೆ, ಮರ್ಯಾದೆ ತೆಗ್ದೆಯಲ್ಲ" ಎಂದೆ. ಅವಳು ಉಸಿರು ಸಿಕ್ಕಿದ ಮೇಲೆ ಹೇಳಿದ್ದು ಒಂದೇ ಮಾತು. "ಸಾರಿ ಮಾವ."

ಆಮೇಲೂ ಒಂದು ತಿಂಗಳು ಅವಳನ್ನು ಇಲ್ಲಿಯೇ ಇಟ್ಟುಕೊಂಡೆ, ಆ ಮಾತ್ರೆ ನುಂಗಿಸುತ್ತಾ. ಸೆಪ್ಟೆಂಬರಿನಲ್ಲಿ ಗುಲಾಬಿಯೇ ಹಟ ಹಿಡಿದು ಬಸ್ಸಿನಲ್ಲಿ ನಿನ್ನ ಮನೆಗೆ ಬಿಟ್ಟು ಬಂದದ್ದು. ನಮ್ಮ ಕಡೆ ಅಕ್ಕನ ಮಗಳಿಗೆ ಸೋದರಮಾವನೇ ದೊಡ್ಡ ಯಜಮಾನ. ಅವಳ ಮದುವೆಗೆ ಮೊದಲ ವೀಳ್ಯ ಹಿಡಿಯಬೇಕಾದವನು ನಾನು. ಅಂಥವನ ಮನೆಯಿಂದ ಅವಳು ಹೀಗೆ ಬಂದಳು.

ನಿನ್ನಲ್ಲಿಗೆ ಬಂದ ಮೇಲೆ ಸ್ವಲ್ಪ ವಾಸಿ, ಈಗ ಅಡುಗೆಮನೆಯಿಂದ ಬಾವಿಕಟ್ಟೆಯವರೆಗೆ ನಿಲ್ಲದೆ ನಡೆಯುತ್ತಾಳೆ ಎಂದು ತಿಳಿಯಿತು. ಡಾಕ್ಟರರ ಮಾತ್ರೆಯಿಂದ ಎಂದು ನೀನು ತಿಳಿದಿದ್ದೀ. ಮಾತ್ರೆಯೂ ಇರಬಹುದು. ಆದರೆ ನನ್ನ ಮನೆ ಬಿಟ್ಟದ್ದೇ ಅರ್ಧ ಮದ್ದು. ಇನ್ನೊಮ್ಮೆ ಇಲ್ಲಿಗೆ ಬಂದು ಇದೇ ಗಾಳಿ ಎಳೆದುಕೊಂಡರೆ ಆ ಎದೆ ಮತ್ತೆ ಸರಿಯಾಗುತ್ತದೋ ಇಲ್ಲವೋ, ಡಾಕ್ಟರರನ್ನು ಕೇಳು. ಹದಿನಾಲ್ಕು ಪೆಟ್ಟಿಗೆಗಳನ್ನೂ ಮೊನ್ನೆ ಸೋಮವಾರ ತುಕ್ರಪ್ಪನ ಪಿಕಪ್‌ನಲ್ಲಿ ಸಾಗಿಸಿ ಗುಂಡಿ ತೋಡಿ ಹೂತು ಬಂದೆ. ಕೃಷ್ಣಾಷ್ಟಮಿಗೆ ಆ ರಾಶಿಯಿಂದ ಮುದ್ದುಕೃಷ್ಣನ ವೇಷ ಕೊಂಡುಹೋಗಿದ್ದ ಎರಡು ಶಾಲೆಗಳಿಗೆ ನಾನೇ ಹೋಗಿ ಹೇಳಿದೆ. ಒಬ್ಬರು ಟೀಚರು, "ನೀವಾಗಿಯೇ ಬಂದು ಹೇಳಿದ್ರಲ್ಲ, ದೊಡ್ಡ ಮನಸ್ಸು ನಿಮ್ಮದು" ಎಂದರು. ನಾನು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಗೇಟಿನವರೆಗೆ ಬಂದಿದ್ದೆ.

ಬೆಕ್ಕನ್ನು ಮನೆಗೆ ಕರೆಸಿಕೋ ಅಕ್ಕ. ನಿನ್ನ ಮನೆಯಲ್ಲಿ ಯಾವ ದೋಷವೂ ಇಲ್ಲ. ಭಾವನಿಗೆ ನನ್ನ ನಮಸ್ಕಾರ ಹೇಳು, ಅವರು ತೆಗೆದುಕೊಂಡರೆ. ಸಾತ್ವಿಕಾಳಿಗೆ ಆಶೀರ್ವಾದ ಎಂದು ಬರೆಯಲು ನನಗೆ ಮುಖವಿಲ್ಲ. ಅವಳು ನೂರು ವರ್ಷ ಬಾಳಲಿ, ಉಸಿರು ತುಂಬಿಕೊಂಡು ಓಡಲಿ. ನೀನು ದೊಡ್ಡವಳು, ಬೈದರೂ ಸರಿ, ನನ್ನನ್ನು ಬಿಡಬೇಡ.

ಇಂತಿ ನಿನ್ನ ತಮ್ಮ,
ಸಂಕಪ್ಪ

ತಾ.ಕ.: ಪತ್ರ ಮಡಚಿ ಲಕೋಟೆಗೆ ಹಾಕಿದವನು ಮತ್ತೆ ತೆಗೆದಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳು ಉಂಟು. ಸುಳ್ಳಿನ ಕಾಗದ ಡಾಕ್ಟರರ ಕೈಗೆ ಹೋಗಬಾರದು.

ಬೂಷ್ಟನ್ನು ನಾನು ಮೊದಲು ನೋಡಿದ್ದು ಮೊನ್ನೆ ಭಾನುವಾರ ಅಲ್ಲ. ಜೂನ್ ಕೊನೆಯಲ್ಲಿ ಸಾತ್ವಿಕಾಳೇ ಬೆರಳ ತುದಿಯಲ್ಲಿ ಹಸಿರು ಹುಡಿ ತಂದು, "ಮಾವ, ಪೆಟ್ಟಿಗೆಯಿಂದ ಇದು ಬೀಳ್ತಾ ಉಂಟು, ನನ್ನ ದಿಂಬಿನ ಮೇಲೆ" ಎಂದು ತೋರಿಸಿದ್ದಳು. ದಿಂಬಿನ ಮೇಲೆ, ಅಕ್ಕ. ಅವಳು ಹಾಲ್‌ನಲ್ಲಿ ಮಲಗುತ್ತಿರಲಿಲ್ಲ. ಆ ಚಿಕ್ಕ ಕೋಣೆಯಲ್ಲೇ, ಪೆಟ್ಟಿಗೆಗಳಿಗೆ ತಲೆ ಮಾಡಿ, ಜೂನಿನಿಂದ ಸೆಪ್ಟೆಂಬರಿನವರೆಗೆ. ಮಳೆಗಾಲದಲ್ಲಿ ಬೂಷ್ಟು ಬಾರದ ವಸ್ತು ಯಾವುದು ಎಂದು ನಾನು ನಕ್ಕುಬಿಟ್ಟೆ. ಹೊರಗೆ ಹಾಕಿದರೆ ಊರಿಗೆ ತಿಳಿಯುತ್ತದೆ, ಬೂಷ್ಟಿನ ವೇಷ ಎಂದು ಹೆಸರಾದರೆ ಯಾವ ತಾಯಿಯೂ ಮಗುವಿನ ಮೈಗೆ ನನ್ನ ಬಟ್ಟೆ ಹಾಕಿಸುವುದಿಲ್ಲ ಎಂಬ ಹೆದರಿಕೆ.

ಆ ಪುಡಿಯೂ ಸ್ಟೆಮಿನಾಕ್ಕೆ ಅಲ್ಲ. ಕೆಮ್ಮು ಶುರುವಾದಾಗಲೇ ನನಗೆ ಅನುಮಾನ ಬಂದು, ಬೂಷ್ಟಿನಿಂದ ಕಾಯಿಲೆ ಬರುತ್ತದೆಯೇ ಎಂದು ಗುಟ್ಟಾಗಿ ಫೋನಿನಲ್ಲಿ ಹುಡುಕಿದ್ದೆ. ವಿಡಿಯೊದಲ್ಲಿ ಯಾರೋ ಒಬ್ಬ, ಅಮೈನೋ ಆಸಿಡ್ ತಿಂದರೆ ಬೂಷ್ಟಿನ ವಿಷ ಮೈಯಿಂದ ಇಳಿಯುತ್ತದೆ ಎನ್ನುತ್ತಿದ್ದ. ಪೆಟ್ಟಿಗೆ ಹೊರಗೆ ಹಾಕುವ ಬದಲು ಲೋಟ ಹಿಡಿದು ನಿಂತೆ. ಮೈದಾನದಲ್ಲಿ ಅವಳಿಗೆ ಬೈಯುವಾಗಲೂ ನನಗೆ ಕಾರಣ ಗೊತ್ತಿತ್ತು.

ಜುಲೈ ಕೊನೆಗೆ, ಆಟಿ ತಿಂಗಳಲ್ಲಿ ನೀನು ಪತ್ರೊಡೆ ಮಾಡಿಕೊಂಡು ಮಗಳನ್ನು ನೋಡಲು ಬಂದೆಯಲ್ಲ. ಆ ದಿನ ಬೆಳಿಗ್ಗೆ ಗುಲಾಬಿ ಸಂತೆಗೆ ಹೋದಾಗ ಅವಳ ಮಂಚವನ್ನು ಹಾಲ್‌ಗೆ ಹಾಕಿ ಕೋಣೆಗೆ ಬೀಗ ಜಡಿದವನು ನಾನು. ಅಮ್ಮ ಕೇಳಿದರೆ ಇಲ್ಲಿಯೇ ಮಲಗುವುದು ಎಂದು ಹೇಳು, ಅತ್ತೆ ಕೇಳಿದರೆ ಕೋಣೆಯಲ್ಲಿ ಸೆಕೆ, ಅದಕ್ಕೆ ಹಾಲ್‌ಗೆ ಬಂದೆ ಎಂದು ಹೇಳು, ಮಾವನ ಮರ್ಯಾದೆ ಉಳಿಸು ಎಂದು ಅವಳ ಕೈ ಹಿಡಿದು ಕೇಳಿಕೊಂಡವನು ನಾನು. ನೀನು ಕೇಳಿದೆ. ಅವಳು ನನ್ನ ಕಡೆ ನೋಡದೆ, "ಇಲ್ಲೇ ಅಮ್ಮ, ಗಾಳಿ ಚೆನ್ನಾಗಿ ಬರ್ತದೆ" ಎಂದಳು. ಡಾಕ್ಟರರು ಎರಡು ಸಲ ಕೇಳಿದರೂ ಬಾಯಿ ಬಿಡದೆ ಇರುವುದು ಆ ಮಾತಿಗಾಗಿ. ಮಾವನ ಮರ್ಯಾದೆ ಇನ್ನು ಉಳಿಸಬೇಕಾಗಿಲ್ಲ ಎಂದು ಅವಳಿಗೆ ಹೇಳು.

ಆ ಸಂಜೆ ನಿನ್ನನ್ನು ಬಸ್ಸು ಹತ್ತಿಸಿ ನಾನು ಮೇಲೆ ಬಂದಾಗ, ಅವಳು ಕೋಣೆಯ ಬೀಗ ತೆಗೆದು, ಮಂಚದ ಒಂದು ತುದಿ ಹಿಡಿದು ನನಗಾಗಿ ಕಾಯುತ್ತಿದ್ದಳು. ಇನ್ನೊಂದು ತುದಿಯನ್ನು ನಾನು ಎತ್ತಿದೆ.