ನಾನೂರೆಂಟಕ್ಕೆ ಕೊಟ್ಟ ಹೆಸರು

ಸೆಪ್ಟೆಂಬರ್ 3, ಮಂಗಳವಾರ

ಸ್ಕೂಲಿನ ಅಡುಗೆಮನೆಯಿಂದ ಬಂದೆ. ಸೊಂಟ ಬಿದ್ದುಹೋಗಿದೆ. ತಮ್ಮ ಇವತ್ತೂ ತಾರಸಿಯ ಮೇಲೇ, ನೀರಿನ ಟ್ಯಾಂಕಿಗೆ ಒರಗಿಕೊಂಡು. ಅನ್ನ, ಕೆಂಪು ಕಾಳಿನ ಸಾರು ಏಣಿಯ ಬುಡದಲ್ಲಿಟ್ಟೆ. ಸೂಜಿ ತೋರಿಸಿದೆ. ಬೇಡವಂತೆ. ಹೋದ ತಿಂಗಳಿಂದ ಇನ್ಸುಲಿನ್ ಮುಟ್ಟಿಲ್ಲ. ಕಾಲಿನ ಹೆಬ್ಬೆರಳು ಕಪ್ಪಾಗುತ್ತಿದೆ.

"ಅಕ್ಕಾ, ಆ ಸೂಜೀಲಿ ಏನೋ ತುಂಬಿದಾರೆ. ನಾನು ಮಾತಾಡೋದೆಲ್ಲ ಅವರಿಗೆ ಕೇಳಿಸತ್ತೆ."

"ಅವರು ಅಂದ್ರೆ ಯಾರೋ?"

"ಕರೆಂಟಿನೋರು."

"ಕರೆಂಟಿನೋರಿಗೆ ಕರೆಂಟು ಕೊಡೋಕೇ ಬರಲ್ಲ. ನಿನ್ನ ಪುರಾಣ ಕೇಳ್ತಾ ಕೂತಿರ್ತಾರಾ?"

ನಕ್ಕ. ಅದೇ ಹಳೆಯ ನಗು. ಈ ನಗು ಕಂಡಾಗಲೆಲ್ಲ ಇನ್ನೊಂದು ವಾರ ನೋಡೋಣ ಅನ್ನಿಸುತ್ತದೆ. ಹೀಗೇ ವಾರಗಳು ಹೋದವು...

ಸೆಪ್ಟೆಂಬರ್ 5, ಗುರುವಾರ

ಇವತ್ತು ಮಚ್ಚು ಹಿಡಿದು ಬೀದಿಯ ಕರೆಂಟ್ ತಂತಿಗೆ ಕೈ ಹಾಕಿದ್ದಾನೆ. ತಾರಸಿಯ ಅಂಚಿನಲ್ಲಿ ನಿಂತು, ಬರಿಗಾಲಲ್ಲಿ. ಎರಡು ಏಟು ಹೊಡೆದೇಬಿಟ್ಟ. ಬೆಳಿಗ್ಗೆಯೇ ಕರೆಂಟ್ ಹೋಗಿತ್ತು, ಬದುಕಿಕೊಂಡ. ಈ ಜನ್ಮದಲ್ಲಿ ಮೊದಲ ಸಲ ಕರೆಂಟ್ ಕಂಪನಿಗೆ ಕೈಮುಗಿದೆ.

ಪಕ್ಕದ ಮನೆಯ ಹಿರಿಯಮ್ಮ ದೋನ್ಯಾ ಪ್ರೊವಿ ಬೇಲಿಯಾಚೆಯಿಂದಲೇ ಕೂಗಿದರು— "ಇನ್ನೂ ಏನು ನೋಡ್ತಾ ಇದೀಯೆ ಇರೈದಾ? ನಾನೂರೆಂಟು ಹಾಕಿಸು! ಹೆಣ ಬಿದ್ಮೇಲೆ ಹಾಕಿಸ್ತೀಯಾ?"

ನಾನೂರೆಂಟು. ಕಾಯಿದೆಯ ನಂಬರು. ಒಪ್ಪದವರನ್ನು ಕೋರ್ಟಿನ ಆರ್ಡರ್ ಮೇಲೆ ಮಾನಸಿಕ ಆಸ್ಪತ್ರೆಗೆ ಸೇರಿಸುವುದು. ಇಲ್ಲಿ ಪೋರ್ಟೊ ರಿಕೊದಲ್ಲಿ ಅದು ಬೈಗುಳವೂ ಹೌದು. ನಾನೇ ಅವನಿಗೆ ಎಷ್ಟು ಸಲ ಅಂದಿದ್ದೇನೆ, ತಮಾಷೆಗೆ— ತಲೆಹರಟೆ ಮಾಡಿದ್ರೆ ನಾನೂರೆಂಟು ಹಾಕಿಸ್ತೀನಿ ನೋಡು ಅಂತ.

ಸೆಪ್ಟೆಂಬರ್ 6, ಶುಕ್ರವಾರ

ರಜೆ ಹಾಕಿ ಕೋರ್ಟಿಗೆ ಹೋದೆ. ನಡೆದದ್ದನ್ನು ನಡೆದಂತೆ ಬರೆಯಬೇಕಂತೆ. ಬರೆದೆ. ಗುಮಾಸ್ತ ಓದಿ ಕನ್ನಡಕ ಇಳಿಸಿದ.

"ಕರೆಂಟೇ ಇರ್ಲಿಲ್ಲ ಅಂತೀರಿ. ಮತ್ತೆ ಜೀವಕ್ಕೆ ಅಪಾಯ ಎಲ್ಲಿಂದ ಬಂತು?"

"ಇರ್ಲಿಲ್ಲ ಅಂತ ಅವನಿಗೆ ಗೊತ್ತಿರ್ಲಿಲ್ಲವಲ್ಲಪ್ಪಾ!"

"ಹಾಂ. ಅದನ್ನೂ ಬರೀರಿ."

ನ್ಯಾಯಾಧೀಶೆ ಚಿಕ್ಕ ವಯಸ್ಸಿನವಳು. ಕೇಳಿದ್ದು ಒಂದೇ ಮಾತು. "ಅರ್ಜಿ ಕೊಟ್ಟವರು ಯಾರು ಅಂತ ನಿಮ್ಮ ತಮ್ಮನಿಗೆ ಗೊತ್ತಾಗತ್ತೆ. ತಯಾರಿದೀರಾ?" ತಯಾರಿಲ್ಲ. ಹೂಂ ಅಂದೆ. ಪ್ರಮಾಣ ಮಾಡಿ ಸಹಿ ಹಾಕಿದೆ. ಆರ್ಡರ್ ಒಂದು ದಿನದ ಮಟ್ಟಿಗೆ; ಅಷ್ಟರೊಳಗೆ ಪೋಲೀಸರು ಬಂದು ಅವನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು.

ಮನೆಗೆ ಬಂದು ಏಣಿಯ ಹತ್ತಿರವೇ ಕೂತೆ. ಪೋಲೀಸರು ಬರಲೇ ಇಲ್ಲ.

ಸೆಪ್ಟೆಂಬರ್ 7, ಶನಿವಾರ

ಕರ್ಮ, ಕರ್ಮ! ಪೋಲೀಸರು ನಿನ್ನೆ ಬಂದಿದ್ದರಂತೆ.

ಬೆಳಿಗ್ಗೆ ದೋನ್ಯಾ ಪ್ರೊವಿ ಕಾಫಿ ಲೋಟ ಹಿಡಿದು ಬಂದರು, ದೊಡ್ಡ ಸಾಹಸ ಮಾಡಿದವರ ಹಾಗೆ. "ಯಾವನೋ ಓಬೆದ್ ಆಂತೋನಿಯೋ ಅನ್ನೋನ್ನ ಹುಡುಕ್ತಾ ಇದ್ರು ಕಣೆ. ಅಂಥ ಕಳ್ಳರು ನಮ್ ಬೀದೀಲಿ ಯಾರೂ ಇಲ್ಲ, ಎಲ್ಲ ಮರ್ಯಾದಸ್ಥರು ಅಂದೆ. ಕಾಫಿ ಕೊಟ್ಟು ಕಳಿಸ್ದೆ."

"ಅಯ್ಯೋ ನಿಮ್ಮ! ಅದು ನನ್ನ ತಮ್ಮ, ನಮ್ಮ ಪಿತಿರ್ರೆ!"

"ಪಿತಿರ್ರೆಗೆ ಹೆಸರು ಬೇರೆ ಇದ್ಯಾ?"

ಬೇಕರಿಯವನೂ ಇಲ್ಲ ಅಂದನಂತೆ. ಲಾಟರಿ ಮಾರುವವನೂ ಅಷ್ಟೇ. ಪೋರ್ಟೊ ರಿಕೊದ ಈ ಗುಡ್ಡಗಳಲ್ಲಿ ಮನೆಗೆ ನಂಬರಿಲ್ಲ, ಮನುಷ್ಯನಿಗೆ ಹೆಸರಿಲ್ಲ. ಅಡ್ಡಹೆಸರಲ್ಲೇ ಹುಟ್ಟಿ ಅಡ್ಡಹೆಸರಲ್ಲೇ ಸಾಯುತ್ತೇವೆ. ನಗು ಬಂತು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತೆ. ಆರ್ಡರಿನ ಅವಧಿ ಮುಗಿಯಿತು.

ಸೆಪ್ಟೆಂಬರ್ 9, ಸೋಮವಾರ

ಮತ್ತೆ ಅದೇ ಗುಮಾಸ್ತ, ಅದೇ ಬೆಂಚು. ಬೆರಳಿನ ವಾಸನೆ ಈಗ ಕೆಳಗಿನವರೆಗೂ ಬರುತ್ತಿದೆ ಎಂದು ಬರೆದೆ. ಊಟದ ತಟ್ಟೆ ನಿನ್ನೆಯಿಂದ ಹಾಗೇ ಇದೆ ಎಂದು ಬರೆದೆ. ಅಡ್ಡಹೆಸರನ್ನೂ ಸೇರಿಸಿ, ಇಲ್ಲದಿದ್ರೆ ಈ ಸಲವೂ ಅದೇ ಕತೆ, ಎಂದ ಗುಮಾಸ್ತ.

ಪಿತಿರ್ರೆ. ಗಿಡುಗನನ್ನೂ ಅಟ್ಟಿಸಿಕೊಂಡು ಹೋಗುವ ಪುಟ್ಟ ಹಕ್ಕಿ. ನನಗೆ ಕಲ್ಲು ಹೊಡೆದ ದಾಂಡಿಗನ ಮೇಲೆ ಇವನು ಹಾರಿಬಿದ್ದ ದಿನ ನಾನಿಟ್ಟ ಹೆಸರು. ಆಗ ಇವನು ನನ್ನ ಮೊಣಕೈ ಎತ್ತರ. ಆ ಹೆಸರನ್ನು ಪ್ರಮಾಣ ಮಾಡಿ ಪೋಲೀಸರ ಕೈಗೆ ಕೊಟ್ಟು ಬಂದೆ.

ಅದೇ ದಿನ, ಸಂಜೆ

ಬರೆದು ಮುಗಿಸುತ್ತೇನೆ. ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಬರೆದರೂ ಬರುವುದಿಲ್ಲ.

ಇಬ್ಬರು ಪೋಲೀಸರು ಬಂದರು. ತಮ್ಮ ಏಣಿ ಮೇಲೆಳೆದುಕೊಂಡಿದ್ದ. ದಪ್ಪಗಿದ್ದ ಪೋಲೀಸ್ ಕೂಗಿದ— "ಪಿತಿರ್ರೆ! ಬಾರಪ್ಪ ಕೆಳಗೆ!" ಟ್ಯಾಂಕಿನ ಹಿಂದಿನಿಂದ ಮಚ್ಚು ಕಲ್ಲಿಗೆ ತಾಗಿದ ಸದ್ದು. ಪೋಲೀಸ್ ನನ್ನ ಕಡೆ ತಿರುಗಿದ. "ನೀವೇ ಕರೀರಮ್ಮ. ನಾವು ಹತ್ತಿದ್ರೆ ಅವನು ಹಾರ್ತಾನೆ."

ಅವರು ಗೋಡೆಯ ಮರೆಗೆ ಸರಿದರು. "ಪಿತಿರ್ರೆ" ಎಂದು ಕರೆದೆ.

ಏಣಿ ಇಳಿಬಿಟ್ಟ. ಮಚ್ಚು ಮೇಲೇ ಬಿಟ್ಟ. ಒಂದೊಂದೇ ಮೆಟ್ಟಿಲು, ಕುಂಟಿಕೊಂಡು. "ಊಟಕ್ಕಾ ಅಕ್ಕಾ?" ಅಂದ.

ಹೂಂ ಅಂದೆ.

ಪೋಲೀಸರು ಅವನ ಎರಡೂ ಕೈ ಹಿಡಿದುಕೊಂಡರು. ಅವನು ಕೂಗಾಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ. ಬಾಗಿಲೊಳಗೆ ಮೇಜಿನ ಕಡೆ ನೋಡಿದ. ತಟ್ಟೆ ಇಟ್ಟಿರಲಿಲ್ಲ. ದೇವರೇ, ಒಂದು ತಟ್ಟೆಯನ್ನಾದರೂ ಇಡಬಾರದಿತ್ತೇ ನಾನು!

ಸೆಪ್ಟೆಂಬರ್ 17, ಮಂಗಳವಾರ

ಆಸ್ಪತ್ರೆಯಿಂದ ಫೋನು. ಒಂದು ಬೆರಳು ತೆಗೆದರಂತೆ, ಪಾದ ಉಳಿಯಿತಂತೆ. ಸಕ್ಕರೆ ಇಳಿದಿದೆ. ಸೂಜಿ ಹಾಕಿಸಿಕೊಳ್ಳುತ್ತಾನಂತೆ. ಮಾತಾಡ್ತಾರೆ, ಕೊಡ್ಲಾ ಎಂದಳು ನರ್ಸ್.

"ಪಿತಿರ್ರೆ, ನಾನು ಕಣೋ."

ಮೆಲ್ಲಗೆ, ತೀರಾ ಸಮಾಧಾನವಾಗಿ— "ಹಾಗೆ ಕರೀಬೇಡ ಅಕ್ಕಾ. ಆ ಹೆಸರು ಕೇಳಿದ್ರೆ ನಾನು ಇಳಿದು ಬಂದ್ಬಿಡ್ತೀನಿ."

"ಮತ್ತೆ ಏನಂತ ಕರೀಲೋ?"

"ಇಲ್ಲಿ ಎಲ್ರೂ ಓಬೆದ್ ಅಂತಾರೆ."

ಪ್ರಯತ್ನ ಮಾಡಿದೆ. ಓ— ಎಂದೆ. ನಾಲಿಗೆ ಹೊರಳಲಿಲ್ಲ. ಅವನು ಕಾಯುತ್ತಿದ್ದ. ಮತ್ತೆ ಓ—