ಹೊರಗಾದ ದಿನವೇ ಬಂದ ಅತಿಥಿಗಳು

ಸಿಂಜಾ ಕಣಿವೆ
ಆಶ್ವಿನ ೧೮

ಪ್ರೀತಿಯ ಜೂನಾಳ ಅಪ್ಪನಿಗೆ,

ಆರೋಗ್ಯವಾಗಿದ್ದೀರಾ? ಸಿಮ್ಲಾದ ಚಳಿಗೆ ಕೆಮ್ಮು ಹೆಚ್ಚಾಗಿರಬೇಕು. ಬಿಸಿನೀರು ಕುಡಿಯಿರಿ, ಬೀಡಿ ಬಿಡಿ. ಫೋನಿನಲ್ಲಿ ನಾನು ಬಾಯಿ ತೆರೆದರೆ ಸಾಕು, ‘ಕೇಳಿಸ್ತಿಲ್ಲ ಕಣೇ’ ಎನ್ನುತ್ತೀರಿ. ಕಾಗದಕ್ಕೆ ಆ ನೆಪ ನಡೆಯದು, ಅದಕ್ಕೇ ಬರೆಯುತ್ತಿದ್ದೇನೆ.

ಹೋಗುವಾಗ ಬಾಗಿಲಿಗೆ ‘ನೇಪಾಳಿ ಭಾಷೆ ಹುಟ್ಟಿದ ಊರಿಗೆ ಸ್ವಾಗತ, ಊಟ-ವಸತಿ ಇದೆ’ ಎಂದು ಹಲಗೆ ಹೊಡೆದು ಹೋದಿರಲ್ಲ, ಬೇಯಿಸುವವರು ಯಾರು ಎಂದು ಒಮ್ಮೆಯಾದರೂ ಯೋಚಿಸಿದಿರಾ? ಹೋದ ವಾರ ಇಲ್ಲಿನ ಹಳೇ ಮಾತುಗಳನ್ನು ಬರೆದುಕೊಳ್ಳಲೆಂದು ಕಾಠ್ಮಂಡುವಿನಿಂದ ಒಬ್ಬ ಮೇಷ್ಟ್ರು, ಅವರ ಹೆಂಡತಿ, ಒಬ್ಬ ವಿದ್ಯಾರ್ಥಿನಿ ಬಂದಿಳಿದರು. ಅವತ್ತು ಬೆಳಿಗ್ಗೆಯೇ ನಾನು ಹೊರಗಾಗಿ ಕೊಟ್ಟಿಗೆಯಲ್ಲಿ ಕರುವಿನ ಪಕ್ಕ ಕೂತಿದ್ದೆ. ನಾನು ಹೊರಗಾದಾಗಲೆಲ್ಲ ನೆರೆಮನೆಯಿಂದ ಊಟ ತರಿಸಿಕೊಂಡು ಹನ್ನೊಂದು ವರ್ಷದಿಂದ ಒಲೆ ಮುಟ್ಟದ ನಿಮ್ಮ ಅಮ್ಮ ಅಡುಗೆಗೆ ನಿಂತರು. ‘ಏ ಸೊಸೇ, ಉಪ್ಪು ಎಲ್ಲಿ ಬಚ್ಚಿಟ್ಟಿದೀಯೇ?’ ಎಂದು ಮಾಳಿಗೆಯಿಂದ ಅವರು, ‘ನಿಮ್ಮ ಕಣ್ಣೆದುರೇ ಇದೆ ಅತ್ತೇ!’ ಎಂದು ಕೊಟ್ಟಿಗೆಯಿಂದ ನಾನು. ‘ಆಹಾ, ಎಂಥಾ ಹಳೇ ಮಾತು!’ ಎಂದು ಮೇಷ್ಟ್ರು ಅದನ್ನೂ ಬರೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಜೂನಾ ದೂರದಿಂದ ತಟ್ಟೆ ನೂಕಿ, ‘ಅಮ್ಮಾ, ಮುಂದೆ ನಾನೂ ಇಲ್ಲೇ ಮಲಗ್ಬೇಕಾ?’ ಎಂದಳು. ಹನ್ನೆರಡು ತುಂಬಿದ ಮಗಳು. ನಾನು ತಟ್ಟೆ ಹತ್ತಿರ ಎಳೆದುಕೊಂಡೆ.

ಸಂಜೆ ಆ ವಿದ್ಯಾರ್ಥಿನಿ ಕೊಟ್ಟಿಗೆ ನೋಡಿ, ಎಷ್ಟು ಚೆಂದ, ಎಷ್ಟು ಹಳೆಯದು, ನಾನು ಇಲ್ಲೇ ಮಲಗುತ್ತೇನೆ ಎಂದು ಹಟ ಹಿಡಿದಳು. ‘ಅತಿಥಿ ಅಲ್ವಾ, ಮಲಕ್ಕೊಳ್ಲಿ’ ಎಂದರು ನಿಮ್ಮ ಅಮ್ಮ. ‘ಹಾಗಾದ್ರೆ ನಾನೆಲ್ಲಿ ಹೋಗ್ಲಿ?’ ಎಂದು ಆ ಹುಡುಗಿಗೆ ಕೇಳದಂತೆ ಪಿಸುಗುಟ್ಟಿದೆ. ಅವರು ಕೊಟ್ಟಿಗೆಯನ್ನೊಮ್ಮೆ, ಮಾಳಿಗೆಯನ್ನೊಮ್ಮೆ ನೋಡಿದರು. ‘ಒಳಗೆ ಬಾ. ಮೂಲೇಲಿ ಬಿದ್ಕೊ. ಒಲೆ ಮುಟ್ಟಬೇಡ, ಮಸ್ಟೋ ದೇವರು ಮುನೀತಾನೆ.’ ಮರುದಿನ ಕೆಂಪಕ್ಕಿ ಅನ್ನ ತಳ ಹಿಡಿಯುವಾಗ ಅವರೇ, ‘ನೋಡ್ತಾ ನಿಂತಿದೀಯಲ್ಲೇ, ಇಳಿಸೇ!’ ಎಂದು ಕೂಗಿದರು. ಇಳಿಸಿದೆ. ಹಸು ಎಂದಿನಂತೆ ಹಾಲು ಕೊಟ್ಟಿತು, ಮನೆಯಲ್ಲಿ ಯಾರಿಗೂ ಜ್ವರ ಬರಲಿಲ್ಲ.

ಆ ಹುಡುಗಿ ಮಾತ್ರ ಅವತ್ತು ಬೆಳಿಗ್ಗೆ ಕಣ್ಣು ಕೆಂಪಗೆ ಮಾಡಿಕೊಂಡು ಚಳಿಗೆ ನಡುಗುತ್ತಾ ಕೊಟ್ಟಿಗೆಯಿಂದ ಬಂದು, ‘ಅಜ್ಜೀ, ಅಲ್ಲಿ ಹಾಸಿದ ಹುಲ್ಲಿನ ಮೇಲೆ ಯಾರು ಮಲಗ್ತಾರೆ?’ ಎಂದು ಕೇಳಿದಳು. ನಿಮ್ಮ ಅಮ್ಮ ನನ್ನ ಮುಖ ನೋಡದೆ, ‘ಯಾರೂ ಇಲ್ಲಮ್ಮ, ಕರು’ ಎಂದರು. ಹದಿನಾಲ್ಕು ವರ್ಷ ಅಲ್ಲಿ ಮಲಗಿದವಳು ನಾನು. ಸಿಟ್ಟಿಗೆ ಅಳು ಬಂತು.

ಅಮ್ಮನ ಆಶೀರ್ವಾದ, ಜೂನಾಳ ನಮಸ್ಕಾರ. ಮೈ ಬೆಚ್ಚಗಿಟ್ಟುಕೊಳ್ಳಿ.

ನಿಮ್ಮ
ರಾಜಕಲಾ

ಮರೆತಿಲ್ಲ, ಬರೆಯಲು ಹೆದರಿ ಕೊನೆಗೆ ಇಟ್ಟ ಮಾತೊಂದಿದೆ. ಕಾಗದ ಒಯ್ಯುವವನು ಅಂಗಳದಲ್ಲಿ ಅವಸರ ಮಾಡುತ್ತಿದ್ದಾನೆ. ಮೊನ್ನೆ ಜೂನಾ ದೊಡ್ಡವಳಾದಳು. ಯಾರೂ ಹೇಳದೆ ತಾನೇ ಕಂಬಳಿ ಸುತ್ತಿಕೊಂಡು ಕೊಟ್ಟಿಗೆಗೆ ಹೊರಟಿದ್ದಳು. ಕೈ ಹಿಡಿದು ಒಳಗೆ ಎಳೆದುಕೊಂಡು ಬಂದೆ. ನಿಮ್ಮ ಅಮ್ಮ ಗೊಣಗಿದರು, ಆಮೇಲೆ ಒಲೆಯ ಪಕ್ಕ ಸರಿದು ಅವಳಿಗೆ ಜಾಗ ಬಿಟ್ಟರು. ಮಗಳು ಒಳಗೇ ಮಲಗಿದ್ದಾಳೆ, ಇನ್ನು ಮೇಲೂ ಒಳಗೇ. ನಿಮ್ಮನ್ನು ಕೇಳುತ್ತಿಲ್ಲ, ಹೇಳುತ್ತಿದ್ದೇನೆ.