ಅಡಚಣೆಗಾಗಿ ಕ್ಷಮಿಸಿ

ಅಪ್ಪಾ,

ನೀನು ಹೋದ ಮೂರನೇ ವರ್ಷಕ್ಕೆ, ಇವತ್ತು ನಿನ್ನ ಟಿವಿ ಸ್ಟೇಷನ್ನೂ ಮುಚ್ಚಿತು. ಇಪ್ಪತ್ತೆರಡು ವರ್ಷ ಊರಿಗೆಲ್ಲ ವಾರ್ತೆ ಓದಿದ ನಿನ್ನ ಮುಖ ಒಂದು ಟೇಪಿನಲ್ಲೂ ಉಳಿದಿಲ್ಲ. ಉಳಿಯುವುದಾದರೂ ಹೇಗೆ? ಹೊಸ ಟೇಪ್ ಇಲ್ಲವೆಂದು ನಿನ್ನ ವಾರ್ತೆಯ ಟೇಪುಗಳ ಮೇಲೇ ನನ್ನ ಹಾಸ್ಯ ಕಾರ್ಯಕ್ರಮ ರೆಕಾರ್ಡ್ ಮಾಡಿದ ಮಹಾಪುರುಷ ನಾನೇ. "ನನ್ನನ್ನ ಅಳಿಸಿ ಊರನ್ನ ನಗಿಸ್ತೀಯಲ್ಲೋ ಭೂಪ" ಅಂತ ನೀನು ಅಂದಿದ್ದೆ. ಮರುವಾರ ಅದನ್ನೂ ನನ್ನ ಜೋಕು ಮಾಡಿಕೊಂಡೆ.

ಸ್ಟೇಷನ್ನಿನ ಕಪಾಟಿನಲ್ಲಿ ಒಂದೇ ಟೇಪ್ ಸಿಕ್ಕಿತು, ಪ್ರಸಾರ ಕೆಟ್ಟಾಗ ಹಾಕುತ್ತಿದ್ದದ್ದು. ಕೊನೆಯದಾಗಿ ಅದನ್ನೇ ಹಾಕಿದೆ. ಪರದೆಯ ತುಂಬ ಹೂಕುಂಡದ ಚಿತ್ರ, ಹಿಂದೆ ನಿನ್ನ ದನಿ: "ಅಡಚಣೆಗಾಗಿ ಕ್ಷಮಿಸಿ. ಎದ್ದು ಹೋಗಬೇಡಿ, ಈಗ ಬಂದೆ."

ಇಂಜಿನಿಯರ್ ಮಾಮ ಮೇನ್ ಸ್ವಿಚ್ಚಿಗೆ ಕೈ ಹಾಕಿದರು. "ಆರಿಸ್ಲೇನೋ?"

"ತಡೀರಿ ಮಾಮ," ಅಂದೆ. "ಈಗ ಬಂದೆ ಅಂತಿದಾನಲ್ಲ."